ನೋಡಿದವರ ಪಾಲಾದ ಪಿಚ್ಚರ್

(ಬೆಳಗಾವಿಯಲ್ಲಿ ಸಿನಿಮಾ ಆಸಕ್ತರ ಮುಂದೆ ಆಡಿದ ಮಾತಿನ ಬರಹ ರೂಪ)

ಮೊದಲು ನಿಮಗೇ ಒಂದು ಪ್ರಶ್ನೆ. ‘ನಿಮಗೇಕೆ ಕೊಡಬೇಕು ಕಪ್ಪ’ ಅನ್ನುವ ಮಾತು ಎಷ್ಟು ಜನಕ್ಕೆ ಗೊತ್ತು? ನೋಡಿ, ಎಲ್ಲರ ಕೈಯೂ ಮೇಲಿದೆ. ಹಿಂದಿನ ಸಾಲಿನ ಆ ಪುಟ್ಟ ಹುಡುಗಿ ಎರಡೂ ಕೈ ಎತ್ತಿದ್ದಾಳೆ. ಈಗ ಎರಡನೇ ಪ್ರಶ್ನೆ. ‘ಕಿತ್ತೂರು ಚೆನ್ನಮ್ಮ’ ಪಿಚ್ಚರನ್ನು ಶುರುವಿನಿಂದ ಕೊನೇತನಕ ನೋಡಿದವರು ಯಾರು? ಆರು, ಏಳು, ಎಂಟು. ಎಂಟೇ ಕೈ.

ಆ ಪಿಚ್ಚರ್ ಬಂದಿದ್ದು 1961ರಲ್ಲಿ. ಬಿ.ಆರ್. ಪಂತುಲು ನಿರ್ದೇಶಕರು, ಬಿ. ಸರೋಜಾದೇವಿ ಚೆನ್ನಮ್ಮ. ಕಿತ್ತೂರು ನಮ್ಮದೇ ಜಿಲ್ಲೆ. ಆದರೂ ಈ ಮಾತು ನಿಮ್ಮಲ್ಲಿ ಹೆಚ್ಚಿನವರಿಗೆ ಟಾಕೀಸಿನಿಂದ ಬಂದಿಲ್ಲ. ಶಾಲೆಯ ಗ್ಯಾದರಿಂಗ್‌ನಿಂದ ಬಂದಿದೆ. ಅಕ್ಕನೋ ಅತ್ತಿಗೆಯೋ ನವಾರಿ ಸೀರೆ ಉಟ್ಟು, ರಟ್ಟಿನ ಕತ್ತಿ ಹಿಡಿದು ವೇದಿಕೆ ಮೇಲೆ ಗುಡುಗಿದ್ದನ್ನು ನೋಡಿ ಕಲಿತಿದ್ದೀರಿ. ಅವರಿಗೆ ಅದನ್ನು ಹೇಳಿಕೊಟ್ಟ ಟೀಚರ್ ಕೂಡ ಪಿಚ್ಚರ್ ನೋಡಿದ್ದರೋ ಇಲ್ಲವೋ. ಇದೇ ಪಂತುಲು 1959ರಲ್ಲಿ ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ಮಾಡಿದ್ದರು. ಅಲ್ಲೂ ತೆರಿಗೆ ಕೇಳಿದ ಬ್ರಿಟಿಷ್ ಅಧಿಕಾರಿಗೆ ಶಿವಾಜಿ ಗಣೇಶನ್ ಇಂಥದೇ ಉತ್ತರ ಕೊಡುತ್ತಾರೆ. ಅಲ್ಲಿನ ಮಕ್ಕಳು ಅದನ್ನು ಹೇಳಿಕೊಂಡು ಬೆಳೆದರು, ಇಲ್ಲಿನ ಮಕ್ಕಳು ಇದನ್ನು.

ಪಿಚ್ಚರ್ ತೆರೆಯಿಂದ ಇಳಿದು ಬಂದು ಜನರ ಬಾಯಲ್ಲಿ ಸಂಸಾರ ಹೂಡಿತು. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದನ್ನೇ.

‘ಕಲ್ಟ್’ ಅನ್ನುವ ಮಾತನ್ನು ಈಗ ಎಲ್ಲರೂ ಬಳಸುತ್ತಾರೆ. ಪಿಚ್ಚರ್ ಚೆನ್ನಾಗಿದ್ದರೆ ಕಲ್ಟ್, ಒಂದು ಫೈಟ್ ಚೆನ್ನಾಗಿದ್ದರೂ ಕಲ್ಟ್. ಇಂಗ್ಲಿಷಿನಲ್ಲಿ ಆ ಪದಕ್ಕೆ ಪಂಥ ಅನ್ನುವ ಅರ್ಥ ಇದೆ. ಒಂದು ದೇವರು, ಅದಕ್ಕೆ ನಡೆದುಕೊಳ್ಳುವ ಒಕ್ಕಲು, ಅವರದೇ ಒಂದು ನಡಾವಳಿ. ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆ ತಪ್ಪದೆ ಹೋಗುವವರು ನಮ್ಮ ಮನೆಗಳಲ್ಲೇ ಇದ್ದಾರೆ, ಅಲ್ವಾ? ಹೋದ ವರ್ಷ ಹೋಗಿದ್ದೆವು, ಈ ವರ್ಷ ಯಾಕೆ ಅಂತ ಅವರು ಕೇಳುವುದಿಲ್ಲ. ಕಲ್ಟ್ ಪಿಚ್ಚರ್‌ಗೂ ಜನ ಹಾಗೇ ನಡೆದುಕೊಳ್ಳುತ್ತಾರೆ. ಹಿಟ್ ಆದ ಪಿಚ್ಚರನ್ನು ಎಷ್ಟು ಜನ ನೋಡಿದರು ಅಂತ ಲೆಕ್ಕ ಹಾಕುತ್ತೇವೆ. ಕಲ್ಟ್ ಆದ ಪಿಚ್ಚರ್‌ಗೆ ಒಬ್ಬನೇ ಎಷ್ಟು ಸಲ ನೋಡಿದ ಅಂತ ಕೇಳಬೇಕು.

ಹೊರದೇಶದ ಕತೆ ಮೊದಲು ಬೇಗ ಹೇಳಿಬಿಡುತ್ತೇನೆ. 1970ರ ಕೊನೆಯಲ್ಲಿ ನ್ಯೂಯಾರ್ಕಿನ ಎಲ್ಜಿನ್ ಅನ್ನುವ ಟಾಕೀಸಿನಲ್ಲಿ ಹೊಡೊರೋಸ್ಕಿ ಅನ್ನುವ ನಿರ್ದೇಶಕನ ‘ಎಲ್ ಟೋಪೊ’ ಪಿಚ್ಚರನ್ನು ನಡುರಾತ್ರಿ ತೋರಿಸಲು ಶುರು ಮಾಡಿದರು. ದೊಡ್ಡ ಜಾಹೀರಾತು ಏನೂ ಇರಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹೋಗಿ ತಿಂಗಳುಗಟ್ಟಲೆ ಓಡಿತು. ಆಮೇಲೆ ‘ದಿ ರಾಕಿ ಹಾರರ್ ಪಿಕ್ಚರ್ ಶೋ’. 1975ರಲ್ಲಿ ಬಂದಾಗ ಸೋತಿತು. 1976ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ವೇವರ್ಲಿ ಟಾಕೀಸ್ ಅದನ್ನು ನಡುರಾತ್ರಿ ಆಟಕ್ಕೆ ಹಾಕಿತು. ಬಂದವರೇ ಮತ್ತೆ ಮತ್ತೆ ಬಂದರು. ಪಾತ್ರಗಳ ವೇಷ ಹಾಕಿಕೊಂಡು ಬಂದರು. ತೆರೆಯ ಮೇಲಿನ ಮಾತಿಗೆ ಕೂತಲ್ಲಿಂದಲೇ ಉತ್ತರ ಕೊಟ್ಟರು. ಮಳೆ ಬಂದರೆ ತಲೆ ಮೇಲೆ ಪೇಪರ್ ಹಿಡಿದರು. ಮದುವೆಯ ದೃಶ್ಯ ಬಂದರೆ ಅಕ್ಕಿ ಎರಚಿದರು. ಅಕ್ಷತೆ! ಇದನ್ನು ಮೊದಲ ಸಲ ಓದಿದಾಗ ಮೈ ಜುಮ್ಮೆಂದಿತು. ನ್ಯೂಯಾರ್ಕಿನ ಕತ್ತಲಲ್ಲಿ ಯಾರೋ ಕಾಲೇಜು ಹುಡುಗರು ನಮ್ಮ ಊರಿನ ಮುದುಕಿಯರ ಥರ ಮಾಡುತ್ತಿದ್ದಾರಲ್ಲ ಅನ್ನಿಸಿತು.

ಯಾಕೆ ಹಾಗಂದೆ ಅಂತ ಹೇಳಬೇಕು. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ.

ನನ್ನ ಊರು ಬೈಲಹೊಂಗಲದ ಕಡೆ. ಅಲ್ಲಿ ‘ಸಂಗ್ಯಾ ಬಾಳ್ಯಾ’ ಅನ್ನುವ ಸಣ್ಣಾಟ, ನಮ್ಮ ಕಡೆಯ ಬಯಲು ನಾಟಕ, ಇದೆ ಅಂದರೆ ಜನ ಹೊಲದ ಕೆಲಸ ಬಿಟ್ಟು ಬರುತ್ತಿದ್ದರು. ಬೈಲಹೊಂಗಲದಲ್ಲೇ ನಡೆದ ಕೊಲೆಯ ಕತೆ ಅದು ಅಂತ ಹಿರಿಯರು ಹೇಳುತ್ತಾರೆ. ಸಂಗ್ಯಾ ಮತ್ತು ಬಾಳ್ಯಾ ಜೀವದ ಗೆಳೆಯರು. ಸಂಗ್ಯಾನಿಗೆ ಗಂಗಿಯ ಮೇಲೆ ಮನಸ್ಸು. ಅವಳು ಇನ್ನೊಬ್ಬನ ಹೆಂಡತಿ. ಕೊನೆಗೆ ಗೆಳೆಯ ಬಾಳ್ಯಾನೇ ಸಂಗ್ಯಾನನ್ನು ಸಾವಿನ ಬಾಯಿಗೆ ಕರೆದುಕೊಂಡು ಹೋಗುತ್ತಾನೆ. ಕತೆ ಏನಾಗುತ್ತೆ ಅಂತ ಊರಿನ ಪ್ರತಿ ಮಗುವಿಗೂ ಗೊತ್ತಿತ್ತು. ಆದರೂ ರಾತ್ರಿಯಿಡೀ ಕಂಬಳಿ ಹೊದ್ದು ಕೂರುತ್ತಿದ್ದರು. ಕೊನೆಯ ಭಾಗ ಬಂದಾಗ ನಮ್ಮ ಓಣಿಯ ಒಬ್ಬ ಅಜ್ಜಿ ಎದ್ದು ನಿಂತು ‘ಸಂಗ್ಯಾ, ಹೋಗಬ್ಯಾಡೋ ಎಪ್ಪಾ, ಅಂವ ಕೊಲ್ಲಸ್ತಾನ’ ಅಂತ ಕೂಗುತ್ತಿದ್ದಳು. ಪ್ರತಿ ಸಲ ಕೂಗುತ್ತಿದ್ದಳು. ಸುತ್ತಲಿನವರು ಅವಳ ಕೂಗಿಗಾಗಿ ಕಾಯುತ್ತಿದ್ದರು. ಅವಳು ಹಾಸಿಗೆ ಹಿಡಿದ ವರ್ಷ ಆಟ ನಡೆಯಿತು, ಆದರೆ ಏನೋ ಕಮ್ಮಿ ಆಯಿತು ಅಂತ ಎಲ್ಲರೂ ಮಾತಾಡಿಕೊಂಡರು. ನೋಡುವವಳು ಆಟದ ಒಂದು ಭಾಗವೇ ಆಗಿಬಿಟ್ಟಿದ್ದಳು.

ಇಳಕಲ್, ಬಾಗಲಕೋಟೆ, ವಿಜಯಪುರದ ಕಡೆಯಿಂದ ಬಂದವರು ಇಲ್ಲಿದ್ದರೆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ನಾಟಕ ನೆನಪಾಗಬಹುದು. ಅದರ ಶಕುನಿಯ ಮಾತುಗಳನ್ನು ಪೂರ್ತಿ ಬಾಯಿಪಾಠ ಹೇಳುವ ರೈತರನ್ನು ನಾನು ನೋಡಿದ್ದೇನೆ. ಪಾತ್ರಧಾರಿ ಒಂದು ಸಾಲು ಹಾರಿಸಿದರೆ ಮುಂದೆ ಕೂತವರು ಬಿಡುತ್ತಿರಲಿಲ್ಲ. ಅಂದರೆ ಕಲ್ಟ್ ಅನ್ನುವುದು ಸಿನಿಮಾದ ಜೊತೆ ನಮಗೆ ಬಂದದ್ದಲ್ಲ. ನಮ್ಮ ಜನ ಆ ಅಭ್ಯಾಸವನ್ನು ಬಯಲಿನಿಂದ ಟಾಕೀಸಿಗೆ ತೆಗೆದುಕೊಂಡು ಹೋದರು.

ಹಾಗೆ ಹೋದವರ ಕೈಗೆ ಸಿಕ್ಕಿದ್ದು ‘ಓಂ’.

ನೋಡಿ, ಹೆಸರು ಹೇಳಿದ ಕೂಡಲೇ ಸಿಳ್ಳೆ ಬಂತು! ಈ ಪಿಚ್ಚರ್ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. 1995ರ ಮೇ ತಿಂಗಳಲ್ಲಿ ಬಂತು. ನಿರ್ದೇಶಕ ಉಪೇಂದ್ರ, ನಾಯಕ ಶಿವರಾಜ್‌ಕುಮಾರ್, ನಾಯಕಿ ಪ್ರೇಮಾ, ಸಂಗೀತ ಹಂಸಲೇಖ. ಪೂಜಾರಿಯ ಮಗ ಲಾಂಗ್ ಹಿಡಿಯುವ ಕತೆ. ನಿಜವಾದ ಭೂಗತ ಲೋಕದ ಕೆಲವರೇ ಅದರಲ್ಲಿ ಕಾಣಿಸಿಕೊಂಡರು. ಕತೆಯನ್ನು ನೇರವಾಗಿ ಹೇಳಲಿಲ್ಲ, ಹಿಂದೆ ಮುಂದೆ ಮಾಡಿ ಹೇಳಿದರು. ರೌಡಿಗಳ ಪಿಚ್ಚರ್‌ನಲ್ಲಿ ರಾಜ್‌ಕುಮಾರ್ ಹಾಡಿದ ‘ಹೇ ದಿನಕರ’ ಅನ್ನುವ ಪ್ರಾರ್ಥನೆ ಇದೆ. ರಕ್ತವೂ ಇದೆ, ಅರ್ಚನೆಯೂ ಇದೆ. ಎರಡೂ ಒಂದೇ ಮನೆಯಲ್ಲಿ.

ಕೆಲವು ವಿಮರ್ಶಕರು ಸೋತ ಸಿನಿಮಾ ಮಾತ್ರ ಆಮೇಲೆ ಕಲ್ಟ್ ಆಗುತ್ತೆ ಅನ್ನುತ್ತಾರೆ. ‘ಓಂ’ ಮೊದಲ ದಿನದಿಂದಲೇ ಗೆದ್ದ ಪಿಚ್ಚರ್. ಹಾಗಾಗಿ ಆ ಮಾತನ್ನು ನಾನು ಒಪ್ಪುವುದಿಲ್ಲ. ಗೆದ್ದ ಮೇಲೂ ಅದು ಮನೆಗೆ ಹೋಗಲಿಲ್ಲ. ಕರ್ನಾಟಕದ ಯಾವುದೋ ಒಂದು ಊರಿನಲ್ಲಿ ಯಾವಾಗಲೂ ಓಡುತ್ತಲೇ ಇತ್ತು. 500ಕ್ಕೂ ಹೆಚ್ಚು ಸಲ ಮತ್ತೆ ಬಿಡುಗಡೆ ಆಯಿತು ಅನ್ನುವ ಲೆಕ್ಕ ಇದೆ. ಹೊಸ ಪಿಚ್ಚರ್ ಬಿದ್ದು ಹೋದರೆ ಶನಿವಾರ ‘ಓಂ’ ಪೋಸ್ಟರ್ ಅಂಟಿಸಿಬಿಡೋರು. ಟಾಕೀಸು ತುಂಬುತ್ತಿತ್ತು. ಅದನ್ನೇ ತೆಲುಗಿನಲ್ಲಿ ‘ಓಂಕಾರಂ’ ಅಂತ ಉಪೇಂದ್ರ ಅವರೇ ಮಾಡಿದರು, ಹಿಂದಿಯಲ್ಲಿ ‘ಅರ್ಜುನ್ ಪಂಡಿತ್’ ಆಯಿತು. ಕತೆ ಅಲ್ಲಿಗೂ ಹೋಯಿತು. ಆದರೆ ಈ ಹುಚ್ಚು ಅದರ ಜೊತೆ ಹೋಗಲಿಲ್ಲ. ಹೀಗಾಗಿ ಬರೀ ಕತೆಯಿಂದ ಕಲ್ಟ್ ಆಗುವುದಿಲ್ಲ ಅಂತ ನನಗೆ ಖಾತ್ರಿಯಾಗಿದೆ.

ನಾನು ‘ಓಂ’ ನೋಡಿದ ಎಲ್ಲ ಸಲವೂ ನೆನಪಿಲ್ಲ. ಒಂದು ಸಲ ಮಾತ್ರ ಚೆನ್ನಾಗಿ ನೆನಪಿದೆ. ತಾಲ್ಲೂಕಿನ ಒಂದು ಹಳೇ ಟಾಕೀಸು, ಹೆಸರು ಬೇಡ. ಸೆಕೆಂಡ್ ಶೋ. ಪ್ರಿಂಟ್ ತುಂಬಾ ತಿರುಗಿ ಗೀರು ಬಿದ್ದಿತ್ತು. ಇಂಟರ್ವಲ್ ಆದ ಮೇಲೆ ಒಂದು ರೀಲನ್ನೇ ಬಿಟ್ಟು ಮುಂದಿನದನ್ನು ಹಾಕಿಬಿಟ್ಟರು. ಬೇರೆ ಪಿಚ್ಚರ್ ಆಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಅರ್ಧ ನಿಮಿಷದಲ್ಲಿ ಗಾಂಧಿ ಕ್ಲಾಸ್ ಎದ್ದು ನಿಂತಿತು. ‘ನಮ್ಮ ರೀಲ್ ಎಲ್ಲಿ?’ ಅಂತ ಕೂಗಾಟ. ಆಪರೇಟರ್ ಪಿಚ್ಚರ್ ನಿಲ್ಲಿಸಿ ರೀಲು ಹುಡುಕತೊಡಗಿದ. ಆ ಹದಿನೈದು ನಿಮಿಷ ಕತ್ತಲಲ್ಲಿ ಏನಾಯಿತು ಗೊತ್ತಾ? ಮುಂದಿನ ಬೆಂಚಿನ ಹುಡುಗರು ಆ ಬಿಟ್ಟುಹೋದ ರೀಲಿನ ಮಾತುಗಳನ್ನು ತಾವೇ ಹೇಳಿದರು. ಒಬ್ಬ ನಾಯಕ, ಒಬ್ಬ ನಾಯಕಿಯ ದನಿ, ಉಳಿದವರು ರೌಡಿಗಳು. ಹಿನ್ನೆಲೆ ಸಂಗೀತವೂ ಬಾಯಲ್ಲೇ. ರೀಲು ಸಿಕ್ಕಿ ಪಿಚ್ಚರ್ ಮತ್ತೆ ಶುರುವಾದಾಗ ಅದೇ ದೃಶ್ಯ ತೆರೆ ಮೇಲೆ ಬಂತು. ಅದನ್ನೂ ಮತ್ತೆ ಅಷ್ಟೇ ಭಕ್ತಿಯಿಂದ ನೋಡಿದರು.

‘ನಮ್ಮ ರೀಲ್’ ಅಂದರಲ್ಲ, ಆ ‘ನಮ್ಮ’ ಅನ್ನುವುದೇ ಇವತ್ತಿನ ನನ್ನ ಇಡೀ ಮಾತು. ಪಿಚ್ಚರ್ ಮಾಡಿದವರ ಕೈಯಿಂದ ತಪ್ಪಿ ನೋಡಿದವರ ಪಾಲಾಗಿತ್ತು.

ಇನ್ನೊಂದು ವಿಷಯ. ‘ಓಂ’ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಟಿವಿಯಲ್ಲಿ ಬರಲಿಲ್ಲ. ನೋಡಬೇಕು ಅಂದರೆ ಟಾಕೀಸಿಗೇ ಹೋಗಬೇಕಿತ್ತು. ಹೋದರೆ ಅಲ್ಲಿ ನಮ್ಮಂಥವರೇ ಇನ್ನೂ ನಾನೂರು ಜನ. ಸಿಗುವುದು ಕಷ್ಟ ಇದ್ದಿದ್ದೇ ಅದಕ್ಕೆ ಬಲವಾಯಿತು.

ಹಾಗಂತ ಇದೇ ಸೂತ್ರ ಅಂದುಕೊಂಡರೆ ‘ಅಂದಾಜ್ ಅಪ್ನಾ ಅಪ್ನಾ’ ಅಡ್ಡ ಬರುತ್ತೆ. ಆಮಿರ್ ಖಾನ್, ಸಲ್ಮಾನ್ ಖಾನ್ ಇಬ್ಬರೂ ಇದ್ದು 1994ರಲ್ಲಿ ಟಾಕೀಸಿನಲ್ಲಿ ಸೋತಿತು. ಅದನ್ನು ಬದುಕಿಸಿದ್ದು ಟಿವಿ ಮತ್ತು ಬಾಡಿಗೆ ಕ್ಯಾಸೆಟ್. ಅಮೆರಿಕದಲ್ಲಿ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಅಂತ 1946ರ ಪಿಚ್ಚರ್ ಇದೆ. ಬಂದಾಗ ಹಾಕಿದ ದುಡ್ಡು ಹುಟ್ಟಲಿಲ್ಲ. 1974ರಲ್ಲಿ ಅದರ ಹಕ್ಕನ್ನು ನವೀಕರಿಸದೆ ಬಿಟ್ಟುಬಿಟ್ಟರು. ಪುಕ್ಕಟೆ ಸಿಕ್ಕಿತು ಅಂತ ಟಿವಿಯವರು ಪ್ರತಿ ಕ್ರಿಸ್‌ಮಸ್‌ಗೆ ಹಾಕಿದರು. ಈಗ ಅಲ್ಲಿ ಹಬ್ಬ ಅಂದರೆ ಆ ಪಿಚ್ಚರ್ ಅನ್ನುವ ಹಾಗಾಗಿದೆ. ಒಂದು ಕಡೆ ಸಿಗದೆ ಬೆಳೆಯಿತು, ಇನ್ನೊಂದು ಕಡೆ ಸಿಕ್ಕಿ ಸಿಕ್ಕಿ ಬೆಳೆಯಿತು. ಎರಡರಲ್ಲೂ ಮತ್ತೆ ನೋಡುವುದು ಇದೆ. ನೋಡಿದ್ದನ್ನು ಇನ್ನೊಬ್ಬರಿಗೆ ದಾಟಿಸುವುದು ಇದೆ.

ದಾಟಿಸಬೇಕು ಅಂದರೆ ಪಿಚ್ಚರ್ ತುಂಡು ತುಂಡಾಗಿ ಕೈಗೆ ಬರಬೇಕು. ಇದು ನನ್ನ ಮಾತಲ್ಲ. ಇಟಲಿಯ ಲೇಖಕ ಉಂಬರ್ಟೊ ಎಕೊ ‘ಕಾಸಾಬ್ಲಾಂಕಾ’ ಬಗ್ಗೆ ಬರೆಯುತ್ತಾ ಹೇಳಿದ್ದು. 1942ರ ಆ ಪಿಚ್ಚರ್ ಶೂಟಿಂಗ್ ನಡೆಯುವಾಗಲೂ ಕತೆ ಬರೆಯುವುದು ಮುಗಿದಿರಲಿಲ್ಲ. ಎಲ್ಲೆಲ್ಲಿಯದೋ ಹಳೇ ಸಂಗತಿಗಳು ಅದರಲ್ಲಿ ಬಂದು ಸೇರಿಕೊಂಡವು. ಅದಕ್ಕೇ ಅದು ಕಲ್ಟ್ ಆಯಿತು ಅಂತಾರೆ ಎಕೊ. ಎಲ್ಲೂ ಬಿರುಕಿಲ್ಲದ ಪಿಚ್ಚರನ್ನು ಇಡಿಯಾಗಿ ಮೆಚ್ಚಬೇಕು ಅಷ್ಟೇ. ಬಿರುಕು ಇದ್ದರೆ ಬೇಕಾದ ತುಂಡು ಮುರಿದುಕೊಳ್ಳಬಹುದು. ರೊಟ್ಟಿ ಮುರಿದುಕೊಂಡ ಹಾಗೆ.

‘ನಾಗರಹಾವು’ ನೋಡಿ. 1972, ಪುಟ್ಟಣ್ಣ ಕಣಗಾಲ್. ಅದರಲ್ಲಿ ಜಲೀಲ ಎಷ್ಟು ಹೊತ್ತು ಬರುತ್ತಾನೆ? ಅಂಬರೀಷ್ ಅವರಿಗೆ ಅದು ಮೊದಲ ಪಿಚ್ಚರ್, ಸಣ್ಣ ಪಾತ್ರ. ಆದರೆ ‘ಬುಲ್ ಬುಲ್’ ಅಂದರೆ ಸಾಕು, ಉಳಿದದ್ದನ್ನು ನೀವು ಹೇಳುತ್ತೀರಿ. ಹಾಂ, ಹೇಳಿಯೇಬಿಟ್ಟಿರಿ. ಓಬವ್ವನ ಹಾಡು ಇನ್ನೊಂದು ತುಂಡು. ಚಾಮಯ್ಯ ಮೇಷ್ಟ್ರು ಇನ್ನೊಂದು. ಇವನ್ನು ಜನ ಬೇರೆ ಬೇರೆಯಾಗಿ ಮನೆಗೆ ಒಯ್ದರು. ‘ಶೋಲೆ’ಯದೂ ಹಾಗೇ. ಪಿಚ್ಚರ್‌ನ ಮಾತುಗಳನ್ನೇ ಗ್ರಾಮಫೋನ್ ರೆಕಾರ್ಡ್ ಮಾಡಿ ಮಾರಿದರು. ಗಣಪತಿ ಪೆಂಡಾಲಿನಲ್ಲಿ ಹಾಡಿನ ಬದಲು ಗಬ್ಬರ್ ಮಾತು ಕೇಳಿಸುತ್ತಿತ್ತು ಅಂತ ನನ್ನ ದೊಡ್ಡಪ್ಪ ಹೇಳುತ್ತಿದ್ದರು.

ಬೆಳಗಾವಿಯಲ್ಲಿ ನಿಂತು ಮರಾಠಿ ಪಿಚ್ಚರ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. ನಾನು ಡಿಗ್ರಿ ಓದಲು ಇಲ್ಲಿಗೆ ಬಂದಾಗ ವಡಗಾವಿಯಲ್ಲಿ ರೂಮು ಮಾಡಿದ್ದೆ. ರೂಮು ಸಿಗುವುದೇ ಕಷ್ಟ. ಒಬ್ಬಂಟಿ ಹುಡುಗರಿಗೆ ಕೊಡುವುದಿಲ್ಲ ಅಂತಿದ್ದರು. ಮೂರು ವಾರ ಗೆಳೆಯರ ಮನೆಯ ಪಡಸಾಲೆಯಲ್ಲಿ ಮಲಗಿದ್ದೆ. ಕೊನೆಗೆ ಸಿಕ್ಕ ರೂಮಿನಲ್ಲಿ ಜೊತೆಗಿದ್ದವನು ಮರಾಠಿ ಮಾತಿನ ಹುಡುಗ. ಅವನು ಒಂದು ರಾತ್ರಿ ‘ಅಶೀ ಹೀ ಬನವಾಬನವೀ’ ತೋರಿಸಿದ. 1988ರದು, ಸಚಿನ್ ಪಿಳಗಾಂವಕರ್ ನಿರ್ದೇಶನ. ಅಶೋಕ್ ಸರಾಫ್, ಲಕ್ಷ್ಮೀಕಾಂತ್ ಬೆರ್ಡೆ. ಕತೆ ಏನು? ಒಬ್ಬಂಟಿ ಹುಡುಗರಿಗೆ ಬಾಡಿಗೆ ಮನೆ ಸಿಗುವುದಿಲ್ಲ. ಅದಕ್ಕೆ ಇಬ್ಬರು ಸೀರೆ ಉಟ್ಟು ಹೆಂಡತಿಯರಾಗುತ್ತಾರೆ!

ನನಗೆ ಆಗ ಮರಾಠಿ ಅರ್ಧಂಬರ್ಧ. ಆದರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅದು ನಮ್ಮದೇ ಕತೆಯಾಗಿತ್ತು. ಅದರಲ್ಲಿ ಬಂದವನೊಬ್ಬ ‘ಧನಂಜಯ ಮಾನೆ ಇಲ್ಲೇ ಇರತಾರೇನು?’ ಅಂತ ಕೇಳುತ್ತಾನೆ. ಕಾಗದದ ಮೇಲೆ ಓದಿದರೆ ಸಾದಾ ಪ್ರಶ್ನೆ, ನಗುವಂಥದ್ದು ಏನೂ ಇಲ್ಲ. ಇವತ್ತಿಗೂ ಮರಾಠಿ ಬಲ್ಲವರ ಮುಂದೆ ಅದನ್ನು ಹೇಳಿ, ಮುಖ ಅರಳುತ್ತೆ. ಮಾತಿನಲ್ಲಿ ಜಾಣತನ ಬೇಕಾಗಿಲ್ಲ. ಆ ಮಾತು ಕೇಳಿದಾಗ ಯಾರ ಜೊತೆ ಕೂತಿದ್ದೆವು ಅನ್ನುವುದು ಅದಕ್ಕೆ ಅಂಟಿಕೊಂಡು ಬರುತ್ತೆ. ಆ ಗೆಳೆಯ ಈಗಲೂ ಫೋನ್ ಮಾಡಿದರೆ ಹಲೋ ಅನ್ನುವುದಿಲ್ಲ. ‘ಧನಂಜಯ ಮಾನೆ’ ಅಂತಲೇ ಶುರು ಮಾಡುತ್ತಾನೆ. ಈ ಊರಲ್ಲಿ ಭಾಷೆಯ ಜಗಳದ ಸುದ್ದಿ ಜಾಸ್ತಿ ಕೇಳುತ್ತೇವೆ. ಒಂದೇ ಚಾಪೆ ಮೇಲೆ ಕೂತು ‘ಓಂ’ ಮತ್ತು ‘ಬನವಾಬನವೀ’ ಎರಡನ್ನೂ ನೋಡಿದ ಹುಡುಗರ ಸುದ್ದಿಯೂ ಈ ಊರಿನದೇ.

ಹಿಂದಿಯ ‘ಜಾನೇ ಭೀ ದೋ ಯಾರೋ’ ಬಗ್ಗೆ ಒಂದೇ ಮಾತು. 1983, ಕುಂದನ್ ಶಾ. ಕೊನೆಗೆ ಮಹಾಭಾರತದ ನಾಟಕ ನಡೆಯುವಾಗ ದ್ರೌಪದಿಯ ಸೀರೆಯೊಳಗೆ ಹೆಣ ಇರುತ್ತೆ. ಪಾತ್ರಧಾರಿಗಳು ಏನು ಮಾಡಬೇಕು ಅಂತ ತಿಳಿಯದೆ ತಮಗೆ ತೋಚಿದ್ದು ಹೇಳುತ್ತಾ ಹೋಗುತ್ತಾರೆ. ಕಂಪನಿ ನಾಟಕ, ದೊಡ್ಡಾಟ ನೋಡಿ ಬೆಳೆದ ನಮಗೆ ಅದು ಎರಡು ಪಟ್ಟು ನಗು ತರಿಸುತ್ತೆ. ಗದೆ ಮರೆತು ಬಂದ ಭೀಮನನ್ನು ನಾವು ನಿಜವಾಗಿ ನೋಡಿದ್ದೇವಲ್ಲ!

ಈಚಿನ ಪಿಚ್ಚರ್‌ಗಳಲ್ಲಿ ನನಗೆ ತುಂಬಾ ಪ್ರೀತಿ ಇರುವುದು ‘ಉಳಿದವರು ಕಂಡಂತೆ’ ಮೇಲೆ. 2014ರ ಮಾರ್ಚ್‌ನಲ್ಲಿ ಬಂತು. ರಕ್ಷಿತ್ ಶೆಟ್ಟಿ ನಿರ್ದೇಶನ, ಮಲ್ಪೆ ಕಡೆಯ ಕತೆ. ಒಂದೇ ಘಟನೆಯನ್ನು ಬೇರೆ ಬೇರೆಯವರು ಕಂಡಂತೆ ಹೇಳುತ್ತೆ. ಬಿಡುಗಡೆಯಾದಾಗ ನಾನು ನೋಡಿದ ಆಟದಲ್ಲಿ ಇಪ್ಪತ್ತು ಜನ ಇದ್ದಿರಬಹುದು. ಇಂಟರ್ವಲ್‌ನಲ್ಲಿ ಕೆಲವರು ಎದ್ದು ಹೋದರು. ಕರಾವಳಿಯ ಕನ್ನಡ ನಮ್ಮ ಕಡೆಯವರ ಕಿವಿಗೆ ಒಗ್ಗಿರಲಿಲ್ಲ, ಕತೆ ನೇರವಾಗಿರಲಿಲ್ಲ. ನನಗೂ ಅವತ್ತು ಪೂರ್ತಿ ತಿಳಿಯಲಿಲ್ಲ. ಆದರೆ ನಾಯಕ ರಿಚ್ಚಿಯ ಹುಲಿ ಹೆಜ್ಜೆ ತಲೆಯಿಂದ ಹೋಗಲಿಲ್ಲ. ಮತ್ತೆ ನೋಡಿದೆ. ಆಗ ಮೀನಿನ ವಾಸನೆ, ಅಜನೀಶ್ ಲೋಕನಾಥ್ ಸಂಗೀತ, ಡೆಮಾಕ್ರಸಿ ಅನ್ನುವ ಹೆಸರಿನ ಆ ಹುಡುಗ, ಎಲ್ಲ ಒಂದೊಂದೇ ಹತ್ತಿರ ಬಂದವು. ಎರಡು ಮೂರು ವರ್ಷದಲ್ಲಿ ನಮ್ಮ ಕಡೆಯ ಇಂಜಿನಿಯರಿಂಗ್ ಹಾಸ್ಟೆಲ್ ಹುಡುಗರು ಲ್ಯಾಪ್‌ಟಾಪಿನಲ್ಲಿ ನೋಡಿ ನೋಡಿ ರಿಚ್ಚಿಯ ಹಾಗೆ ಮಾತಾಡತೊಡಗಿದ್ದರು. ಗೋಕಾಕದ ಹುಡುಗ ಮಲ್ಪೆಯ ಕನ್ನಡ ಆಡುವುದನ್ನು ಕೇಳಿ ನನಗೆ ಖುಷಿಯಾಯಿತು. ಕನ್ನಡದ ಒಂದು ಮೂಲೆಯನ್ನು ಇನ್ನೊಂದು ಮೂಲೆಗೆ ಪಾಠ ಪುಸ್ತಕ ತಲುಪಿಸಿರಲಿಲ್ಲ, ಈ ಪಿಚ್ಚರ್ ತಲುಪಿಸಿತು.

ಅದಕ್ಕೇ ಬಿಡುಗಡೆಗೆ ಮೊದಲೇ ಪೋಸ್ಟರ್ ಮೇಲೆ ‘ಕಲ್ಟ್’ ಅಂತ ಬರೆಯುವುದನ್ನು ಕಂಡರೆ ನನಗೆ ಬೇಜಾರಾಗುತ್ತೆ. ಆ ಹೆಸರು ಇಡುವ ಹಕ್ಕು ನೋಡುವವರದು. ಅವರು ಇನ್ನೂ ಟಿಕೆಟ್ಟೇ ತೆಗೆದುಕೊಂಡಿಲ್ಲ.

ಕೊನೆಯದಾಗಿ, ನನ್ನ ಮನಸ್ಸನ್ನು ತುಂಬಾ ದಿನದಿಂದ ಕೊರೆಯುತ್ತಿರುವ ಪಿಚ್ಚರ್ ಒಂದಿದೆ. ನಮ್ಮದೇ ಜಿಲ್ಲೆಯ ಘೋಡಗೇರಿಯವರು ಚಂದ್ರಶೇಖರ ಕಂಬಾರರು. ಅವರು ಬರೆದಿದ್ದು ಎಲ್ಲರಿಗೂ ಗೊತ್ತು, ಜ್ಞಾನಪೀಠವೂ ಗೊತ್ತು. ಅವರು ‘ಕಾಡು ಕುದುರೆ’ ಅಂತ ಪಿಚ್ಚರ್ ನಿರ್ದೇಶನ ಮಾಡಿದರು. 1970ರ ದಶಕದ ಕೊನೆಯಲ್ಲಿ. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಹಾಡು ಊರೂರು ತಿರುಗಿತು. ಭಾವಗೀತೆ ಕಾರ್ಯಕ್ರಮ ಇದ್ದಲ್ಲೆಲ್ಲ ಇತ್ತು. ಆದರೆ ಪಿಚ್ಚರನ್ನು ನೋಡಿದವರು ನನಗೆ ತುಂಬಾ ಕಡಿಮೆ ಸಿಕ್ಕಿದ್ದಾರೆ. ನಾನೂ ನೋಡಿಲ್ಲ. ನಮ್ಮ ಮಣ್ಣಿನ ಮಾತು, ನಮ್ಮ ಬಯಲಿನ ಲಯ ತೆರೆ ಮೇಲೆ ಹೇಗೆ ಕಂಡಿತ್ತು ಅಂತ ನೋಡಲು ಜೀವ ಬಡಿದುಕೊಳ್ಳುತ್ತೆ. ಒಳ್ಳೆಯ ಪ್ರಿಂಟ್ ತಂದು ಈ ಊರಲ್ಲಿ, ಕತ್ತಲಲ್ಲಿ, ಇಷ್ಟೇ ಜನ ಕೂತು ನೋಡುವಂತಾಗಬೇಕು. ಯಾರಿಗಾದರೂ ದಾರಿ ಗೊತ್ತಿದ್ದರೆ ಹೋಗುವ ಮುಂಚೆ ನನ್ನನ್ನು ಕಂಡು ಹೋಗಿ.

ಈಗ ಸದ್ಯಕ್ಕೆ ಹಾಡಾದರೂ ಇದೆ. ಕಿಟಕಿ ಪಕ್ಕ ಕೂತಿರುವ ಹಿರಿಯರು ನಾನು ಹೆಸರು ಹೇಳಿದಾಗಿನಿಂದ ತೊಡೆ ಮೇಲೆ ತಾಳ ಹಾಕುತ್ತಿದ್ದಾರೆ. ಅಜ್ಜಾ, ನೀವೇ ಎತ್ತಿಕೊಳ್ಳಿ. ನಾವೆಲ್ಲ ಹಿಂದೆ ಬರುತ್ತೇವೆ.